ವರ್ಷವಿಡೀ ಅಭ್ಯಾಸ, ಒಂದು ದಿನದ ಪರೀಕ್ಷೆ: ಅಮೆರಿಕದ ಸ್ವಯಂಸೇವಕ ರೇಡಿಯೊ ಪಡೆಯ ಹನ್ನೆರಡು ತಿಂಗಳು

ವಿಪತ್ತು ಬಂದೆರಗಿದಾಗ ಮೊದಲು ಕೈಕೊಡುವುದು ಸಂಪರ್ಕ. ವಿದ್ಯುತ್ ಹೋಗುತ್ತದೆ, ಕೆಲವು ಗಂಟೆಗಳಲ್ಲಿ ಮೊಬೈಲ್ ಗೋಪುರಗಳ ಬ್ಯಾಟರಿ ಬರಿದಾಗುತ್ತದೆ, ಸೇತುವೆಯ ಜೊತೆಗೇ ಅದರ ಪಕ್ಕದಲ್ಲಿ ಹಾದುಹೋಗಿದ್ದ ಕೇಬಲ್ ಕೊಚ್ಚಿಹೋಗುತ್ತದೆ. ಎಲ್ಲಿ ಯಾರು ಸಿಲುಕಿದ್ದಾರೆ, ಯಾವ ಆಸ್ಪತ್ರೆಗೆ ಏನು ಬೇಕು ಎಂಬುದು ತಿಳಿಯದಿದ್ದರೆ ಹೆಲಿಕಾಪ್ಟರ್ ಇದ್ದರೂ ಪ್ರಯೋಜನವಿಲ್ಲ.

2024ರ ಸೆಪ್ಟೆಂಬರ್ 27ರಂದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮ ಭಾಗದ ಗುಡ್ಡಗಾಡಿನಲ್ಲಿ ಆದದ್ದು ಇದೇ. ಹಿಂದಿನ ರಾತ್ರಿ ಫ್ಲೋರಿಡಾ ಕರಾವಳಿಯನ್ನು ದಾಟಿ ಬಂದ ಹೆಲೀನ್ ಚಂಡಮಾರುತದ ಮಳೆಗೆ ಕಣಿವೆಯ ಊರುಗಳು ಮುಳುಗಿದವು, ರಸ್ತೆಗಳು ಕುಸಿದವು, ಫೋನುಗಳು ಸತ್ತವು. ಆ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆದರೆ 2,037 ಮೀಟರ್ ಎತ್ತರದ ಮೌಂಟ್ ಮಿಚೆಲ್ ಶಿಖರದ ಮೇಲಿದ್ದ ಒಂದು ಹವ್ಯಾಸಿ ರೇಡಿಯೊ ರಿಪೀಟರ್ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಮುಂದಿನ ಹಲವು ದಿನ ಆ ಒಂದೇ ತರಂಗಾಂತರದಲ್ಲಿ ರಸ್ತೆಗಳ ಸ್ಥಿತಿ, ಔಷಧಿಯ ಕೋರಿಕೆ, ಕಾಣೆಯಾದವರ ವಿಚಾರಣೆ ಹರಿದಾಡಿತು. ಪರವಾನಗಿ ಇಲ್ಲದವರೂ ಅಗ್ಗದ ಕೈರೇಡಿಯೊ ಹಿಡಿದು ಆ ಮಾತುಗಳನ್ನು ಆಲಿಸಿದರು.

ಆ ದಿನಗಳಲ್ಲಿ ಮೈಕ್ ಹಿಡಿದವರಿಗೆ ಸಂಬಳವಿರಲಿಲ್ಲ. ಅವರೆಲ್ಲರೂ ಒಂದೇ ಸಂಘಟನೆಯ ಸದಸ್ಯರೂ ಆಗಿರಲಿಲ್ಲ. ಆದರೂ ಒಬ್ಬರ ಮೇಲೊಬ್ಬರು ಮಾತನಾಡದೆ, ಸರದಿ ತಪ್ಪದೆ, ಹೆಸರು ಅಂಕಿಗಳನ್ನು ತಪ್ಪಿಲ್ಲದೆ ದಾಟಿಸುವ ಶಿಸ್ತು ಅವರಿಗೆ ಎಲ್ಲಿಂದ ಬಂತು? ಉತ್ತರವನ್ನು ಆ ದಿನದಲ್ಲಿ ಹುಡುಕುವುದಕ್ಕಿಂತ ಅದಕ್ಕೂ ಹಿಂದಿನ ಸಾಧಾರಣ ದಿನಗಳಲ್ಲಿ ಹುಡುಕುವುದು ಮೇಲು. ಅಮೆರಿಕದ ಹವ್ಯಾಸಿ ರೇಡಿಯೊ ತುರ್ತು ಸೇವೆಯ ಒಂದು ವರ್ಷದ ದಿನಚರಿಯನ್ನು ಇಲ್ಲಿ ಪರಿಚಯಿಸಲಾಗಿದೆ.

ಯಾರಿವರು?

ಹಣಕ್ಕಾಗಿ ಅಲ್ಲದೆ ಕಲಿಕೆಗಾಗಿ, ಸಂತೋಷಕ್ಕಾಗಿ ರೇಡಿಯೊ ಪ್ರೇಷಕ ನಡೆಸುವ ಪರವಾನಗಿದಾರರನ್ನು ಜಗತ್ತಿನೆಲ್ಲೆಡೆ ‘ಹ್ಯಾಮ್’ಗಳೆಂದು ಕರೆಯುತ್ತಾರೆ. ಅಮೆರಿಕದಲ್ಲಿ ಇವರ ಸಂಖ್ಯೆ 7 ಲಕ್ಷಕ್ಕೂ ಹೆಚ್ಚು. ಇವರ ರಾಷ್ಟ್ರೀಯ ಸಂಸ್ಥೆ ‘ಅಮೆರಿಕನ್ ರೇಡಿಯೊ ರಿಲೇ ಲೀಗ್’ 1914ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರ ಮುಂದಾಳತ್ವದಲ್ಲಿ ಹುಟ್ಟಿತು. ಹೆಸರಿನಲ್ಲಿರುವ ‘ರಿಲೇ’ ಎಂಬ ಪದದಲ್ಲೇ ಅದರ ಉದ್ದೇಶವಿದೆ. ಅಂದಿನ ಯಂತ್ರಗಳ ಶಕ್ತಿ ಕಡಿಮೆ. ದೂರದೂರಿಗೆ ಸಂದೇಶ ಮುಟ್ಟಬೇಕಾದರೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಲೇ ಸಾಗಬೇಕಿತ್ತು.

ಈ ಸಂಸ್ಥೆಯ ತುರ್ತು ಸೇವಾ ವಿಭಾಗ 1935ರಿಂದ ಅಸ್ತಿತ್ವದಲ್ಲಿದೆ. ಇದರ ಇಂದಿನ ಹೆಸರು ‘ಅಮೆಚೂರ್ ರೇಡಿಯೊ ಎಮರ್ಜೆನ್ಸಿ ಸರ್ವಿಸ್’. ಸದಸ್ಯರು ಅದನ್ನು ಚುಟುಕಾಗಿ ‘ಏರೀಸ್’ ಎನ್ನುತ್ತಾರೆ. ಸೇರಲು ಬೇಕಾದ ಅರ್ಹತೆ ಎರಡೇ: ಪರವಾನಗಿ ಮತ್ತು ಸೇವೆ ಮಾಡುವ ಮನಸ್ಸು.

ಕೆಲಸದ ಘಟಕ ಕೌಂಟಿ, ಅಂದರೆ ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ಪ್ರದೇಶ. ಅಲ್ಲಿ ಒಬ್ಬ ತುರ್ತು ಸಂಯೋಜಕ ಇರುತ್ತಾರೆ. ಅವರ ಮೇಲೆ ವಲಯ ಸಂಯೋಜಕರು, ವಿಭಾಗ ಸಂಯೋಜಕರು ಇದ್ದಾರೆ. ಇಡೀ ದೇಶವನ್ನು ಇಂತಹ 71 ವಿಭಾಗಗಳಾಗಿ ಹಂಚಿಕೊಳ್ಳಲಾಗಿದೆ. ಸ್ಥಳೀಯ ಆಡಳಿತ, ಆಸ್ಪತ್ರೆ, ರೆಡ್ ಕ್ರಾಸ್, ಹವಾಮಾನ ಕಚೇರಿ ಮುಂತಾದವರೊಂದಿಗೆ ಮುಂಚಿತವಾಗಿ ಒಪ್ಪಂದ ಮಾಡಿಕೊಳ್ಳುವುದು ಸಂಯೋಜಕರ ಮುಖ್ಯ ಹೊಣೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಡುವುದು ಇಲ್ಲಿ ಸಲ್ಲದು.

ಜನವರಿಯಿಂದ ಮಾರ್ಚ್: ಚಳಿಗಾಲದ ಪಾಠ

ವರ್ಷದ ಆರಂಭ ಸದ್ದಿಲ್ಲದ್ದು. ವಾರಕ್ಕೊಮ್ಮೆ ನಿಗದಿತ ಹೊತ್ತಿನಲ್ಲಿ ಸದಸ್ಯರು ರೇಡಿಯೊದ ಮೇಲೆ ಸೇರುತ್ತಾರೆ. ಇದಕ್ಕೆ ‘ನೆಟ್’ ಎಂದು ಹೆಸರು. ಒಬ್ಬರು ನೆಟ್ ನಿಯಂತ್ರಕರಾಗಿ ಹಾಜರಿ ಕರೆಯುತ್ತಾರೆ, ಉಳಿದವರು ತಮ್ಮ ಕರೆಸಂಕೇತ ಹೇಳಿ ಹಾಜರಿ ಹಾಕುತ್ತಾರೆ. ಹೇಳಬೇಕಾದ ಸುದ್ದಿ ಏನೂ ಇಲ್ಲದಿದ್ದರೂ ನೆಟ್ ನಿಲ್ಲುವುದಿಲ್ಲ. ಯಾರ ಆಂಟೆನಾ ಗಾಳಿಗೆ ಬಿದ್ದಿದೆ, ಯಾರ ಬ್ಯಾಟರಿ ಹಳತಾಗಿದೆ ಎಂಬುದು ಈ ಹಾಜರಿಯಲ್ಲೇ ಗೊತ್ತಾಗುತ್ತದೆ. ನಿಯಂತ್ರಕರ ಸರದಿ ಬದಲಾಗುತ್ತಿರುವುದರಿಂದ, ವಿಪತ್ತಿನ ದಿನ ಯಾರು ಬೇಕಾದರೂ ಆ ಪೀಠದಲ್ಲಿ ಕೂರಬಲ್ಲರು.

ಜನವರಿಯ ಕೊನೆಯ ಪೂರ್ಣ ವಾರಾಂತ್ಯದಲ್ಲಿ ‘ವಿಂಟರ್ ಫೀಲ್ಡ್ ಡೇ’ ನಡೆಯುತ್ತದೆ. ಕೊರೆಯುವ ಚಳಿಯಲ್ಲಿ ಬಯಲಿಗೆ ಹೋಗಿ ರೇಡಿಯೊ ಕೇಂದ್ರ ತೆರೆಯುವ ಅಭ್ಯಾಸವಿದು. ವಿಪತ್ತು ಬೇಸಿಗೆಯಲ್ಲೇ ಬರುತ್ತದೆಂಬ ನಿಯಮವಿಲ್ಲವಲ್ಲ!

ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹಲವೆಡೆ ‘ಸ್ಕೈವಾರ್ನ್’ ತರಗತಿಗಳು ಶುರುವಾಗುತ್ತವೆ. ಇದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಕಾರ್ಯಕ್ರಮ. ಬಿರುಗಾಳಿ ವೀಕ್ಷಕರಾಗಿ ತರಬೇತಿ ಪಡೆದವರು 3.5ರಿಂದ 4 ಲಕ್ಷದಷ್ಟಿದ್ದಾರೆ ಎಂಬುದು ಆ ಸಂಸ್ಥೆಯ ಅಂದಾಜು. ಇವರಲ್ಲಿ ಹ್ಯಾಮ್‌ಗಳೂ ಇದ್ದಾರೆ.

ರೇಡಾರ್ ಇರುವಾಗ ಮನುಷ್ಯರ ಕಣ್ಣು ಏಕೆ ಎಂಬ ಪ್ರಶ್ನೆ ಸಹಜ. ರೇಡಾರ್ ಕಿರಣ ನೇರವಾಗಿ ಸಾಗುತ್ತದೆ, ಭೂಮಿ ಬಾಗಿದೆ. ಹಾಗಾಗಿ ದೂರ ಹೆಚ್ಚಿದಂತೆ ಕಿರಣ ನೆಲದಿಂದ ಮೇಲೆ ಮೇಲೆ ಹೋಗುತ್ತದೆ, ಮೋಡದ ಬುಡದಲ್ಲಿ ನಡೆಯುವುದು ಅದಕ್ಕೆ ಕಾಣದು. ಸುಂಟರಗಾಳಿ ನೆಲ ಮುಟ್ಟಿತೇ, ಆಲಿಕಲ್ಲು ಎಷ್ಟು ದಪ್ಪವಿದೆ ಎಂಬುದನ್ನು ಅಲ್ಲಿ ನಿಂತವರೇ ಹೇಳಬೇಕು.

ಏಪ್ರಿಲ್, ಮೇ: ಓಟದ ಹಾದಿಯಲ್ಲಿ

ವಸಂತ ಬಂದರೆ ಓಟ, ಸೈಕಲ್ ಜಾಥಾ, ಮೆರವಣಿಗೆಗಳ ಕಾಲ. ಸಂಘಟಕರು ಹ್ಯಾಮ್‌ಗಳ ನೆರವು ಕೋರುತ್ತಾರೆ. ನೀರಿನ ತಾಣಗಳಲ್ಲಿ, ವೈದ್ಯಕೀಯ ಡೇರೆಗಳಲ್ಲಿ, ಕೊನೆಯ ಓಟಗಾರನ ಹಿಂದೆ ಬರುವ ವಾಹನದಲ್ಲಿ ಒಬ್ಬೊಬ್ಬರು ರೇಡಿಯೊ ಹಿಡಿದು ನಿಲ್ಲುತ್ತಾರೆ. ಇಷ್ಟು ಬಾಟಲಿ ನೀರು ಬೇಕು, ಒಬ್ಬರಿಗೆ ಕಾಲು ಉಳುಕಿದೆ ಎಂಬಂತಹ ಸಣ್ಣ ಮಾತುಗಳೇ ಇಲ್ಲಿ ಹೆಚ್ಚು. ಹೊರಗಿನವರಿಗೆ ಇದು ಮೋಜಿನ ಕೆಲಸವಾಗಿ ಕಾಣಬಹುದು. ಆದರೆ ಚದುರಿ ನಿಂತ ಹತ್ತಾರು ಜನ ಒಂದೇ ತರಂಗಾಂತರವನ್ನು ಹಂಚಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುವ ನಿಜವಾದ ತರಬೇತಿ ಇದೇ.

ಇದರ ಬೆಲೆ ಏನೆಂಬುದು 2013ರ ಏಪ್ರಿಲ್ 15ರಂದು ಗೊತ್ತಾಯಿತು. ಬಾಸ್ಟನ್ ಮ್ಯಾರಥಾನ್‌ನ ಅಂತಿಮ ಗೆರೆಯ ಬಳಿ ಎರಡು ಬಾಂಬ್‌ಗಳು ಸ್ಫೋಟಿಸಿ 3 ಮಂದಿ ಸತ್ತು, 260ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಎಲ್ಲರೂ ಏಕಕಾಲಕ್ಕೆ ಫೋನ್ ಮಾಡಲು ಯತ್ನಿಸಿದ್ದರಿಂದ ಮೊಬೈಲ್ ಜಾಲ ಉಸಿರುಗಟ್ಟಿತು. 42 ಕಿ.ಮೀ. ಹಾದಿಯುದ್ದಕ್ಕೂ ಬೆಳಗಿನಿಂದಲೇ ನಿಂತಿದ್ದ ಹ್ಯಾಮ್‌ಗಳ ಜಾಲ ಮಾತ್ರ ನಡೆಯುತ್ತಿತ್ತು. ಹಾದಿಯ ನಡುವೆ ತಡೆಹಿಡಿಯಲಾದ ಸಾವಿರಾರು ಓಟಗಾರರ ಸ್ಥಿತಿಗತಿ ತಿಳಿಯಲು ಅದು ನೆರವಾಯಿತು. ಅವರು ಬಂದದ್ದು ಓಟಕ್ಕಾಗಿ. ಕೆಲವೇ ಕ್ಷಣಗಳಲ್ಲಿ ಅದು ತುರ್ತು ಸೇವೆಯಾಗಿ ಮಾರ್ಪಟ್ಟಿತು.

ಜೂನ್: ಬಯಲಿನಲ್ಲಿ ಒಂದು ಹಗಲು, ಒಂದು ರಾತ್ರಿ

ಜೂನ್‌ನ ನಾಲ್ಕನೆಯ ಪೂರ್ಣ ವಾರಾಂತ್ಯ ‘ಫೀಲ್ಡ್ ಡೇ’. 1933ರಲ್ಲಿ ಆರಂಭವಾದ ಇದು ಹ್ಯಾಮ್‌ಗಳ ಪಾಲಿಗೆ ಜಾತ್ರೆಯೂ ಹೌದು, ಪರೀಕ್ಷೆಯೂ ಹೌದು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಉದ್ಯಾನಗಳಲ್ಲಿ, ಶಾಲಾ ಮೈದಾನಗಳಲ್ಲಿ ಡೇರೆ ಹಾಕಿ, ಮರದಿಂದ ಮರಕ್ಕೆ ತಂತಿ ಕಟ್ಟಿ, ಜನರೇಟರ್ ಅಥವಾ ಸೌರಫಲಕದ ವಿದ್ಯುತ್ತಿನಿಂದ ಹೊರಗಿನ ಕೇಂದ್ರಗಳನ್ನು ಸಂಪರ್ಕಿಸುತ್ತಾರೆ.

ಅಂಕ ನೀಡುವ ಕ್ರಮವೇ ಇದರ ಉದ್ದೇಶವನ್ನು ಹೇಳುತ್ತದೆ. ಧ್ವನಿಯ ಸಂಪರ್ಕಕ್ಕೆ 1 ಅಂಕ, ಮೋರ್ಸ್ ಸಂಕೇತ ಅಥವಾ ಡಿಜಿಟಲ್ ವಿಧಾನಕ್ಕೆ 2 ಅಂಕ. ದುರ್ಬಲ ಸಂಕೇತವನ್ನೂ ಆಲಿಸಬಲ್ಲ ವಿಧಾನಗಳಿಗೆ ಹೆಚ್ಚು ಬೆಲೆ. ಸಂಪೂರ್ಣವಾಗಿ ಪರ್ಯಾಯ ವಿದ್ಯುತ್ತಿನಲ್ಲೇ ನಡೆಸಿದರೆ ಹೆಚ್ಚುವರಿ ಅಂಕಗಳಿವೆ. ಸ್ಥಳೀಯ ಜನಪ್ರತಿನಿಧಿ ಬಂದು ನೋಡಿದರೂ 100 ಅಂಕ. ಅಧಿಕಾರದಲ್ಲಿರುವವರು ಮುಖಪರಿಚಯ ಮಾಡಿಕೊಂಡರೆ ಆಪತ್ತಿನ ದಿನ ಬಾಗಿಲಲ್ಲಿ ತಡೆಯುವುದಿಲ್ಲ ಎಂಬ ಲೆಕ್ಕಾಚಾರ ಇದರ ಹಿಂದಿದೆ.

ಜುಲೈಯಿಂದ ಸೆಪ್ಟೆಂಬರ್: ಚಂಡಮಾರುತದ ಕಾಲ

ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಇದರ ತೀವ್ರತೆ ಹೆಚ್ಚುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಕರಾವಳಿಯ ಗುಂಪುಗಳು ಈ ಹೊತ್ತಿಗೆ ತಮ್ಮ ‘ಗೋ ಕಿಟ್’ ತೆರೆದು ಪರಿಶೀಲಿಸುತ್ತವೆ. ಅದರಲ್ಲಿ ರೇಡಿಯೊ, ಆಂಟೆನಾ, 12 ವೋಲ್ಟ್ ಬ್ಯಾಟರಿ, ಕಾಗದ, ಪೆನ್ಸಿಲ್, ಟಾರ್ಚ್, ಕೆಲವು ದಿನಕ್ಕಾಗುವ ಆಹಾರ, ನೀರು ಮತ್ತು ಸ್ವಂತ ಔಷಧಿ ಇರುತ್ತವೆ. ನೆರವಿಗೆ ಹೋದವರು ಸಂತ್ರಸ್ತರ ಊಟಕ್ಕೆ ಕೈಯೊಡ್ಡಬಾರದು ಎಂಬುದು ನಿಯಮ.

ಇದೇ ಕಾಲದಲ್ಲಿ ‘ಹರಿಕೇನ್ ವಾಚ್ ನೆಟ್’ ಎಂಬ ಪ್ರತ್ಯೇಕ ಹ್ಯಾಮ್ ಜಾಲವೂ ಚುರುಕಾಗುತ್ತದೆ. 1965ರ ಬೆಟ್ಸಿ ಚಂಡಮಾರುತದ ಸಂದರ್ಭದಲ್ಲಿ ಹುಟ್ಟಿದ ಈ ಜಾಲ, ಚಂಡಮಾರುತವು ಭೂಭಾಗದಿಂದ ಸುಮಾರು 480 ಕಿ.ಮೀ. ಒಳಗೆ ಬಂದಾಗ ಕೆಲಸಕ್ಕಿಳಿಯುತ್ತದೆ. ಹಗಲಿನಲ್ಲಿ 14.325, ರಾತ್ರಿ 7.268 ಮೆಗಾಹರ್ಟ್ಸ್ ಇದರ ತಾಣ. ಆಕಾಶದ ಅಯಾನುಗೋಳ ರಾತ್ರಿ ಬದಲಾಗುವುದರಿಂದ ಎರಡು ತರಂಗಾಂತರಗಳ ಅಗತ್ಯ. ದ್ವೀಪಗಳಲ್ಲಿರುವ ಹ್ಯಾಮ್‌ಗಳು ವಾಯುಭಾರ, ಗಾಳಿಯ ವೇಗ ಮತ್ತು ದಿಕ್ಕನ್ನು ಅಳೆದು ತಿಳಿಸುತ್ತಾರೆ. ಆ ವರದಿಗಳು ಮಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರದೊಳಗೇ ಸ್ವಯಂಸೇವಕರು ನಡೆಸುವ ರೇಡಿಯೊ ಕೇಂದ್ರಕ್ಕೆ ತಲುಪುತ್ತವೆ.

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಅಪ್ಪಳಿಸಿತು. ಮರುದಿನ ಅಲ್ಲಿನ ಶೇ 95ರಷ್ಟು ಮೊಬೈಲ್ ಗೋಪುರಗಳು ಸ್ತಬ್ಧವಾಗಿದ್ದವು. ಅಮೆರಿಕದ ರೆಡ್ ಕ್ರಾಸ್ 50 ಮಂದಿ ರೇಡಿಯೊ ನಿರ್ವಾಹಕರನ್ನು ಕೋರಿತು. ಕೊನೆಗೆ 22 ಮಂದಿ ಸ್ವಯಂಸೇವಕರು ವಿಮಾನವೇರಿದರು. ಬದುಕುಳಿದವರ ಸುದ್ದಿಯನ್ನು ಬಂಧುಗಳಿಗೆ ಮುಟ್ಟಿಸುವ ವ್ಯವಸ್ಥೆಗೆ ನೆರವಾಗಲು ಹೋದವರು, ಅಲ್ಲಿನ ಅಗತ್ಯ ಕಂಡು ಆಸ್ಪತ್ರೆ ಮತ್ತು ವಿದ್ಯುತ್ ಸಂಸ್ಥೆಗಳ ಸಂಪರ್ಕದ ಕೆಲಸಕ್ಕೂ ಹೆಗಲು ಕೊಟ್ಟರು. ಯೋಜನೆಗಿಂತ ಪರಿಸ್ಥಿತಿ ಬೇರೆಯಾದಾಗ ಹೊಂದಿಕೊಳ್ಳುವುದೂ ಈ ಸೇವೆಯ ಒಂದು ಭಾಗ.

ಅಕ್ಟೋಬರ್: ಅಣಕು ವಿಪತ್ತು

ಅಕ್ಟೋಬರ್‌ನ ಮೊದಲ ಪೂರ್ಣ ವಾರಾಂತ್ಯದ ಆಸುಪಾಸಿನಲ್ಲಿ ರಾಷ್ಟ್ರಮಟ್ಟದ ಅಣಕು ತುರ್ತು ಪರೀಕ್ಷೆ ನಡೆಯುತ್ತದೆ. ಅಣೆಕಟ್ಟು ಒಡೆದಿದೆ, ಭೂಕಂಪವಾಗಿದೆ, ರಾಸಾಯನಿಕ ಟ್ಯಾಂಕರ್ ಉರುಳಿದೆ ಎಂದು ಕಲ್ಪಿಸಿಕೊಂಡು ಪ್ರತಿ ಗುಂಪೂ ತನ್ನ ಯೋಜನೆಯನ್ನು ಪರೀಕ್ಷಿಸುತ್ತದೆ. ಕಾಲ್ಪನಿಕ ಸಂದೇಶಗಳ ಮೊದಲಲ್ಲೂ ಕೊನೆಯಲ್ಲೂ ‘ಇದು ಅಭ್ಯಾಸ’ ಎಂದು ಹೇಳಲಾಗುತ್ತದೆ. ಕೇಳುಗರು ಗಾಬರಿಯಾಗಬಾರದಲ್ಲ. ಬಳಿಕ ಎಲ್ಲಿ ಎಡವಿದೆವು ಎಂದು ಚರ್ಚಿಸುತ್ತಾರೆ. ರಿಪೀಟರ್ ಕೆಟ್ಟರೆ ನೇರವಾಗಿ ಎಷ್ಟು ದೂರ ಮಾತನಾಡಬಹುದು, ಮುಖ್ಯ ಸಂಯೋಜಕರೇ ಊರಲ್ಲಿ ಇಲ್ಲದಿದ್ದರೆ ಯಾರು ಮುನ್ನಡೆಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ದಿನವಿಲ್ಲ.

ನವೆಂಬರ್, ಡಿಸೆಂಬರ್: ಲೆಕ್ಕ ಒಪ್ಪಿಸುವ ಕಾಲ

ಪ್ರತಿ ಸಂಯೋಜಕರೂ ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಎಷ್ಟು ನೆಟ್ ನಡೆದವು, ಎಷ್ಟು ಅಭ್ಯಾಸ, ಎಷ್ಟು ಸಾರ್ವಜನಿಕ ಕಾರ್ಯಕ್ರಮ, ಎಷ್ಟು ಗಂಟೆ ಎಂಬ ಲೆಕ್ಕ ಅದರಲ್ಲಿರುತ್ತದೆ. ವರ್ಷದ ಕೊನೆಗೆ ಇವೆಲ್ಲ ಒಟ್ಟುಗೂಡುತ್ತವೆ. ಈ ಕಾಗದಪತ್ರದ ಕೆಲಸ ಯಾರಿಗೂ ಇಷ್ಟವಿಲ್ಲ. ಆದರೆ ಹವ್ಯಾಸಿಗಳಿಗೆ ಮೀಸಲಾದ ತರಂಗಾಂತರಗಳ ಮೇಲೆ ವಾಣಿಜ್ಯ ಕಂಪನಿಗಳ ಕಣ್ಣಿರುವಾಗ, ‘ನಾವು ಸಮಾಜಕ್ಕೆ ಇಷ್ಟು ಮಾಡಿದ್ದೇವೆ’ ಎಂದು ತೋರಿಸಲು ಈ ಅಂಕಿಗಳೇ ಆಧಾರ.

ಡಿಸೆಂಬರ್‌ನ ಮೊದಲ ಶನಿವಾರ ‘ಸ್ಕೈವಾರ್ನ್ ರೆಕಗ್ನಿಷನ್ ಡೇ’. 1999ರಿಂದ ನಡೆದುಬಂದಿರುವ ಈ ದಿನದಂದು ಹ್ಯಾಮ್‌ಗಳು ಹವಾಮಾನ ಕಚೇರಿಗಳಿಗೇ ಹೋಗಿ ಕೇಂದ್ರ ತೆರೆದು ಪರಸ್ಪರ ಸಂಪರ್ಕಿಸುತ್ತಾರೆ. ವರ್ಷವಿಡೀ ಆಕಾಶ ನೋಡಿದವರಿಗೆ ಸಲ್ಲುವ ಧನ್ಯವಾದ ಅದು.

ಒಂದು ಸಂದೇಶದ ಪಯಣ

ಈ ಎಲ್ಲ ಅಭ್ಯಾಸದ ತಿರುಳು ಇರುವುದು ಒಂದು ಸರಳ ಕಾಗದದಲ್ಲಿ. ಅದರ ಹೆಸರು ‘ರೇಡಿಯೊಗ್ರಾಮ್’. ನಮ್ಮ ಹಳೆಯ ತಂತಿ ಸಂದೇಶವನ್ನು ಕಂಡವರಿಗೆ ಇದು ಹೊಸದೆನಿಸದು. ಮೇಲ್ಭಾಗದಲ್ಲಿ ಸಂಖ್ಯೆ, ಆದ್ಯತೆ, ಹೊರಟ ಕೇಂದ್ರ, ಪದಗಳ ಎಣಿಕೆ, ಊರು, ಸಮಯ, ದಿನಾಂಕ ಇರುತ್ತವೆ. ಆದ್ಯತೆಯಲ್ಲಿ ನಾಲ್ಕು ದರ್ಜೆಗಳಿವೆ: ತುರ್ತು, ಮುಖ್ಯ, ಕ್ಷೇಮಸಮಾಚಾರ, ಸಾಮಾನ್ಯ.

ಪದಗಳ ಎಣಿಕೆ ಏಕೆ? ಸ್ವೀಕರಿಸಿದವರು ತಾವು ಬರೆದುಕೊಂಡ ಪದಗಳನ್ನು ಎಣಿಸುತ್ತಾರೆ. ಸಂಖ್ಯೆ ಹೊಂದಿದರೆ ಸರಿ, ಹೊಂದದಿದ್ದರೆ ಎಲ್ಲೋ ಒಂದು ಪದ ಬಿಟ್ಟುಹೋಗಿದೆ ಎಂದರ್ಥ. ಪೂರ್ಣವಿರಾಮದ ಜಾಗದಲ್ಲಿ ‘ಎಕ್ಸ್‌ರೇ’ ಎಂದು ಉಚ್ಚರಿಸುತ್ತಾರೆ. ಮತ್ತೆ ಮತ್ತೆ ಬೇಕಾಗುವ ವಾಕ್ಯಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಇಲ್ಲಿ ಎಲ್ಲರೂ ಕ್ಷೇಮ, ಚಿಂತಿಸಬೇಡಿ ಎಂಬ ಸಮಾಚಾರಕ್ಕೆ ಸಂಖ್ಯೆ ಒಂದು. ಕೋಲಾಹಲದ ನಡುವೆ, ಕ್ಷೀಣ ಧ್ವನಿಯಲ್ಲಿ ಆ ಒಂದು ಅಂಕಿ ದಾಟಿದರೆ ಸಾಕು, ದೂರದ ಊರಿನ ಒಬ್ಬ ತಾಯಿಗೆ ಅಂದು ರಾತ್ರಿ ನಿದ್ದೆ ಬರುತ್ತದೆ.

ಸಂಬಳವಿಲ್ಲ, ಆಜ್ಞೆಯಿಲ್ಲದೆ ಹೊರಡುವಂತಿಲ್ಲ

ಹವ್ಯಾಸಿ ರೇಡಿಯೊ ಬಳಸಿ ಹಣ ಗಳಿಸುವುದನ್ನು ಅಮೆರಿಕದ ಕಾನೂನು ನಿಷೇಧಿಸಿದೆ. ಆದರೆ ಬೇರೆ ಸಂಪರ್ಕವೇ ಇಲ್ಲದೆ ಪ್ರಾಣಕ್ಕೆ ಅಪಾಯ ಒದಗಿದಾಗ ಲಭ್ಯವಿರುವ ಯಾವುದೇ ರೇಡಿಯೊ ಸಾಧನ ಬಳಸಲು ಅದೇ ಕಾನೂನು ಅವಕಾಶ ಕೊಡುತ್ತದೆ.

ಸ್ವಯಂಸೇವಕರ ಮಿತಿಗಳನ್ನೂ ಗಮನಿಸಬೇಕು. ಉತ್ಸಾಹದಲ್ಲಿ ಕರೆಯದೆಯೇ ಧಾವಿಸಿದವರು ರಸ್ತೆಗೆ ಅಡ್ಡಿಯಾಗುತ್ತಾರೆ, ತಾವೇ ಸಿಲುಕಿಕೊಂಡು ಇನ್ನೊಂದು ಹೊರೆಯಾಗುತ್ತಾರೆ. ಅದಕ್ಕೇ ಸಂಯೋಜಕರ ಸೂಚನೆಯಿಲ್ಲದೆ ಹೊರಡಬಾರದೆಂಬ ಕಟ್ಟುನಿಟ್ಟು. ವಿಪತ್ತು ನಿರ್ವಹಣಾ ಸಂಸ್ಥೆಯ ಪ್ರಾಥಮಿಕ ಕೋರ್ಸ್‌ಗಳನ್ನು ಪೂರೈಸಿದವರಿಗೇ ಹಲವು ಗುಂಪುಗಳಲ್ಲಿ ಆದ್ಯತೆ. ಹ್ಯಾಮ್‌ಗಳು ಆಜ್ಞೆ ಕೊಡುವವರಲ್ಲ, ಸಂದೇಶ ದಾಟಿಸುವವರು.

ಉಪಗ್ರಹ ಇಂಟರ್ನೆಟ್ ಬಂದಿದೆ, ರಕ್ಷಣಾ ಸಿಬ್ಬಂದಿಗೆ ಪ್ರತ್ಯೇಕ ಮೊಬೈಲ್ ಜಾಲವಿದೆ. ಹೀಗಿರುವಾಗ ಈ ಹಳೆಯ ವಿದ್ಯೆ ಏಕೆ ಎಂದು ಕೇಳುವವರಿದ್ದಾರೆ. ಹೆಲೀನ್ ವೇಳೆ ಉಪಗ್ರಹ ಸಾಧನಗಳೂ ಬಂದು ದೊಡ್ಡ ಕೆಲಸ ಮಾಡಿದ್ದು ನಿಜ. ಆದರೆ ಅವು ತಲುಪಲು ಸಮಯ ಬೇಕಾಯಿತು. ಹ್ಯಾಮ್ ಅದಾಗಲೇ ಅಲ್ಲೇ ಇದ್ದರು, ಏಕೆಂದರೆ ಅದು ಅವರ ಊರು. ಆ ಮೊದಲ ಗಂಟೆಗಳನ್ನು ತುಂಬುವುದೇ ಅವರ ಪಾತ್ರ.

ನಮ್ಮಲ್ಲಿ

ಭಾರತಕ್ಕೂ ಈ ಪರಂಪರೆ ಅಪರಿಚಿತವಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ದಿನ, ಹೈದರಾಬಾದ್‌ನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರ್‌ನಲ್ಲಿತ್ತು (ಇಂದಿನ ಶ್ರೀ ವಿಜಯಪುರಂ). ಅಪರೂಪದ ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳೊಂದಿಗೆ ಮಾತನಾಡಲು ಹೋಗಿದ್ದ ಆ ತಂಡ, ಅಂಡಮಾನ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸುವ ಕೊಂಡಿಯಾಯಿತು. ಪಶ್ಚಿಮ ಬಂಗಾಳದ ಹ್ಯಾಮ್‌ಗಳು ಪ್ರತಿ ಜನವರಿಯ ಗಂಗಾಸಾಗರ ಮೇಳದಲ್ಲಿ ಸೇವೆ ಸಲ್ಲಿಸುತ್ತಾ, ಕಳೆದುಹೋದ ಯಾತ್ರಿಕರನ್ನು ಮನೆಯವರೊಡನೆ ಸೇರಿಸುತ್ತಾರೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್ ಕೇಂದ್ರ ತೆರೆಯಲಾಗಿತ್ತು.

ವಯನಾಡಿಗೆ ಅಂಟಿಕೊಂಡೇ ನಮ್ಮ ಕೊಡಗು ಇದೆ. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡಗಳು ಜರಿದದ್ದನ್ನು ಯಾರೂ ಮರೆತಿಲ್ಲ. ಮಲೆನಾಡಿನ ಕಣಿವೆಗಳಿಗೂ ನಾರ್ತ್ ಕೆರೊಲಿನಾದ ಕಣಿವೆಗಳಿಗೂ ಸಂಪರ್ಕದ ದೃಷ್ಟಿಯಿಂದ ವ್ಯತ್ಯಾಸ ಕಡಿಮೆ. ಎರಡೂ ಕಡೆ ಎತ್ತರದ ಒಂದು ಶಿಖರ, ಅಲ್ಲೊಂದು ರಿಪೀಟರ್, ಕೆಳಗೆ ಅದನ್ನು ಬಳಸಬಲ್ಲ ಕೆಲವರು ಇದ್ದರೆ ಊರು ಪೂರ್ತಿ ಮೂಕವಾಗುವುದಿಲ್ಲ.

ಭಾರತದಲ್ಲಿ ಹ್ಯಾಮ್ ಆಗಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಿದ್ಯುನ್ಮಾನದ ಪ್ರಾಥಮಿಕ ತತ್ವ ಮತ್ತು ರೇಡಿಯೊ ನಿಯಮಗಳು ಅದರ ವಿಷಯ. ಬೆಂಗಳೂರಿನಲ್ಲಿ ದಶಕಗಳಿಂದಲೂ ಹ್ಯಾಮ್ ಸಂಘಗಳಿವೆ, ಕಲಿಸುವವರೂ ಇದ್ದಾರೆ. ಆದರೆ ಪರವಾನಗಿ ಪಡೆದರಷ್ಟೇ ಸಾಲದು ಎಂಬುದನ್ನು ಅಮೆರಿಕದ ಈ ಹನ್ನೆರಡು ತಿಂಗಳ ಕ್ಯಾಲೆಂಡರ್ ಹೇಳುತ್ತದೆ. ವಾರದ ಹಾಜರಿ, ಓಟದ ದಾರಿಯ ಕಾವಲು, ಬಯಲಿನ ರಾತ್ರಿ, ತಿಂಗಳ ವರದಿ ಇವಾವುವೂ ಸುದ್ದಿಯಾಗುವುದಿಲ್ಲ. ವರ್ಷದಲ್ಲಿ ಯಾವುದೋ ಒಂದು ದಿನ ಫೋನುಗಳೆಲ್ಲ ಮೌನವಾದಾಗ ಕೇಳಿಬರುವ ಆ ಒಂದು ಧ್ವನಿಯ ಹಿಂದೆ ಇವೆಲ್ಲವೂ ಇರುತ್ತವೆ.

ವರ್ಷದ ಪಟ್ಟಿ

ಪ್ರತಿ ವಾರ: ರೇಡಿಯೊ ನೆಟ್, ಹಾಜರಿ
ಪ್ರತಿ ತಿಂಗಳು: ಸಂಯೋಜಕರ ವರದಿ
ಜನವರಿ: ವಿಂಟರ್ ಫೀಲ್ಡ್ ಡೇ (ಕೊನೆಯ ಪೂರ್ಣ ವಾರಾಂತ್ಯ)
ಫೆಬ್ರವರಿ, ಮಾರ್ಚ್: ಬಿರುಗಾಳಿ ವೀಕ್ಷಕರ ತರಬೇತಿ
ಏಪ್ರಿಲ್, ಮೇ: ಓಟ, ಜಾಥಾಗಳಲ್ಲಿ ಸೇವೆ
ಜೂನ್: ಫೀಲ್ಡ್ ಡೇ (ನಾಲ್ಕನೆಯ ಪೂರ್ಣ ವಾರಾಂತ್ಯ)
ಜೂನ್ 1ರಿಂದ ನವೆಂಬರ್ 30: ಚಂಡಮಾರುತದ ಋತು
ಅಕ್ಟೋಬರ್: ಅಣಕು ತುರ್ತು ಪರೀಕ್ಷೆ
ಡಿಸೆಂಬರ್: ಸ್ಕೈವಾರ್ನ್ ರೆಕಗ್ನಿಷನ್ ಡೇ (ಮೊದಲ ಶನಿವಾರ)